ಕೋಡಿ ಬಿದ್ದ ದಿನ ಕೈಕೊಟ್ಟ ಬೀಟಾ

2022ರ ಸೆಪ್ಟೆಂಬರ್ ಮೊದಲ ವಾರ. ಹಿರಿಯೂರು ಸುತ್ತಮುತ್ತಲ ಜನರೆಲ್ಲ ಒಂದೇ ಕಡೆ ಹೊರಟಿದ್ದರು. ಬೈಕಿನಲ್ಲಿ ಮೂವರು, ಆಟೋದಲ್ಲಿ ಹತ್ತು ಜನ, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಊರಿಗೆ ಊರೇ. ಎಲ್ಲರ ಬಾಯಲ್ಲೂ ಒಂದೇ ಮಾತು: ಮಾರಿಕಣಿವೆ ಕೋಡಿ ಬಿತ್ತಂತೆ!

1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಅದಕ್ಕೂ ಮುಂಚೆ ಕೋಡಿ ಬಿದ್ದಿದ್ದು ಒಂದೇ ಸಲ, 1933ರಲ್ಲಿ. ನಡುವೆ 89 ವರ್ಷ. ವೇದಾವತಿಯಲ್ಲಿ ನೀರಿಗಿಂತ ಮರಳನ್ನೇ ಹೆಚ್ಚು ನೋಡಿ ಬೆಳೆದವರು ನಾವು. ಕೋಡಿಯ ಮೇಲೆ ನೀರು ಬಿಳಿ ಪಂಚೆ ಹಾಸಿದ ಹಾಗೆ ಇಳಿಯುವುದನ್ನು ನೋಡಿ ಕ್ಯಾಮೆರಾ ಹಿಡಿದ ಕೈ ನಡುಗಿತ್ತು.

ನಮ್ಮ ಬಳಿ ಬೇರೆ ಯಾರ ಬಳಿಯೂ ಇಲ್ಲದ ಒಂದು ಸುದ್ದಿ ಇತ್ತು. ತೊಂಬತ್ತೈದರ ಹತ್ತಿರದ ಒಬ್ಬ ಅಜ್ಜಿ. 1933ರಲ್ಲಿ ಐದಾರು ವರ್ಷದ ಹುಡುಗಿ. ಅಪ್ಪನ ಹೆಗಲ ಮೇಲೆ ಕೂತು ಮೊದಲ ಕೋಡಿ ನೋಡಿದ್ದವರು. ಡ್ಯಾಮು ತುಂಬುವ ಸೂಚನೆ ಸಿಕ್ಕಿದ ತಕ್ಷಣ, ಒಂದು ವಾರ ಮುಂಚೆಯೇ ಅವರ ಮನೆಗೆ ಹೋಗಿ ಜಗುಲಿಯ ಮೇಲೆ ಕೂರಿಸಿ ಮಾತಾಡಿಸಿಕೊಂಡು ಬಂದಿದ್ದೆವು. "ಆವಾಗ ನಮ್ಮಪ್ಪ ನನ್ನ ಕಾಲು ಬಿಗಿಯಾಗಿ ಹಿಡ್ಕಂಡಿದ್ದ ಕಣ್ರಪ್ಪಾ, ನೀರಿನ ಸದ್ದಿಗೆ ನಾನು ಹೆದರ್ಕೊಂಡು ಅವನ ತಲೆಗೂದಲು ಕಿತ್ತಿದ್ದೆ" ಎಂದು ಹೇಳಿ ಬೊಚ್ಚುಬಾಯಿ ತೆರೆದು ನಕ್ಕಿದ್ದರು. ಹೊರಡುವಾಗ ಕೇಳಿದ್ದು ಒಂದೇ: "ಟೀವೀಲಿ ಯಾವತ್ತು ಬತ್ತದೆ?"

ನಾವಿಬ್ಬರು. ಒಬ್ಬ ಕ್ಯಾಮೆರಾ ಹಿಡಿಯುತ್ತಾನೆ, ಇನ್ನೊಬ್ಬ ಬರೆಯುತ್ತಾನೆ. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಜಿಲ್ಲೆಯಲ್ಲಿ ಸ್ಟ್ರಿಂಜರ್ ಕೆಲಸ. ಸಂಬಳ ಅಂತ ಇಲ್ಲ, ಬಂದ ಸುದ್ದಿಗೆ ಇಷ್ಟು ಅಂತ ದುಡ್ಡು. ಇಬ್ಬರಿಗೂ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ವಿಂಡೋಸ್ ಹಾಕಿದರೆ ಎದ್ದು ಕೂರಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಪರಿಚಯದ ಹುಡುಗನೊಬ್ಬ ಉಬುಂಟು ಲಿನಕ್ಸ್ ಹಾಕಿಕೊಟ್ಟ. ದುಡ್ಡು ಕೊಡಬೇಕಿಲ್ಲ, ಕದ್ದ ಕಾಪಿ ಹಾಕಿಕೊಂಡೆವು ಅನ್ನುವ ಅಳುಕೂ ಇಲ್ಲ. ಬರವಣಿಗೆ, ಫೋಟೋ, ವಿಡಿಯೋ ಎಲ್ಲ ಅದರಲ್ಲೇ.

ಕೋಡಿ ಬೀಳುವ ಎರಡು ದಿನ ಮುಂಚೆ ನಾವು ಒಂದು ತಪ್ಪು ಮಾಡಿದೆವು. ವಿಡಿಯೋ ಕತ್ತರಿಸುವ ಸಾಫ್ಟ್‌ವೇರಿನ ಹೊಸ ಬೀಟಾ ಬಂದಿದೆ, ವಿಡಿಯೋ ಬೇಗ ತಯಾರಾಗುತ್ತದೆ ಎಂದು ಯಾರೋ ಹೇಳಿದರು. ನಮ್ಮ ಆಮೆ ಲ್ಯಾಪ್‌ಟಾಪಿಗೆ ಇದಕ್ಕಿಂತ ಇನ್ನೇನು ಬೇಕು? ಪಿಪಿಎ ಅನ್ನುವ ಒಂದು ಮೂಲ ಸೇರಿಸಿದೆವು, ಅಪ್‌ಡೇಟ್ ಒತ್ತಿದೆವು. ಹಳೆಯದು ಹೋಯಿತು, ಹೊಸದು ಬಂತು. ಅಜ್ಜಿಯ ವಿಡಿಯೋ ಅರ್ಧ ಮುಗಿದಿತ್ತು. ಹೊಸದರಲ್ಲಿ ತೆರೆದಾಗ "ಈ ಪ್ರಾಜೆಕ್ಟ್ ಹಳೆಯ ಆವೃತ್ತಿಯದು, ಹೊಸದಕ್ಕೆ ಬದಲಾಯಿಸಲೇ?" ಎಂದು ಕೇಳಿತು. ಓದದೆ ಒಪ್ಪಿಗೆ ಒತ್ತಿದೆವು. ಸೇವ್ ಮಾಡಿದೆವು.

ಕೋಡಿ ಬಿದ್ದ ಸಂಜೆ ನೀರಿನ ದೃಶ್ಯ ಸೇರಿಸಿ, ಅಜ್ಜಿಯ ಮಾತು ಜೋಡಿಸಿ, ವಿಡಿಯೋ ತಯಾರಿಸಲು ಕೊಟ್ಟೆವು. ಶೇಕಡ 71ಕ್ಕೆ ನಿಂತು ಸಾಫ್ಟ್‌ವೇರು ಮುಚ್ಚಿಕೊಂಡಿತು. ಮತ್ತೆ ಕೊಟ್ಟೆವು. ಮತ್ತೆ 71. ಮೂರನೇ ಸಲವೂ ಅಷ್ಟೇ. ಬೀಟಾ ತೆಗೆದು ಹಳೆಯದನ್ನು ಹಾಕಿದರೆ, ಅದು ಫೈಲನ್ನೇ ಮುಟ್ಟಲಿಲ್ಲ: "ಇದು ನನಗಿಂತ ಹೊಸ ಆವೃತ್ತಿಯಲ್ಲಿ ಮಾಡಿದ ಫೈಲು." ಅತ್ತ ಹೊಸದೂ ಇಲ್ಲ, ಇತ್ತ ಹಳೆಯದೂ ಇಲ್ಲ. ರಾತ್ರಿ ಒಂಬತ್ತಕ್ಕೆ ಡೆಸ್ಕಿನಿಂದ ಕೊನೆಯ ಫೋನು. ಮೊಬೈಲಿನಲ್ಲಿದ್ದ ನಲವತ್ತು ಸೆಕೆಂಡಿನ ನೀರಿನ ದೃಶ್ಯ ಕಳಿಸಿ ಸುಮ್ಮನಾದೆವು. ಅಂಥ ದೃಶ್ಯ ಅವತ್ತು ಎಲ್ಲರ ಬಳಿಯೂ ಇತ್ತು.

ಎರಡು ದಿನ ಕೂತು ಅಜ್ಜಿಯ ವಿಡಿಯೋವನ್ನು ಮೊದಲಿನಿಂದ ಮಾಡಿ ಕಳಿಸಿದೆವು. "ಚೆನ್ನಾಗಿದೆ, ಆದರೆ ಹಳೇ ಸುದ್ದಿ ಆಯ್ತಲ್ಲ" ಅಂದರು. ಅವರದೂ ತಪ್ಪಲ್ಲ. ಸುದ್ದಿ ಅಂದರೆ ಹಾಗೆಯೇ. ಅಜ್ಜಿಯ ಊರಿನ ದಾರಿಯಲ್ಲಿ ಹೋಗುವುದನ್ನು ನಾವು ಕೆಲವು ತಿಂಗಳು ತಪ್ಪಿಸಿದೆವು.

ಈ ಕಥೆ ಕೇಳಿ ನಮ್ಮಪ್ಪ ಬೈಯಲಿಲ್ಲ. ಹೊಲದ ಕಡೆ ಕೈ ತೋರಿಸಿದರು. ನಮ್ಮ ಕಡೆ ಶೇಂಗಾ ಅಂದರೆ ಟಿಎಂವಿ-2. ಕದಿರಿ-6 ಬಂದ ಹೊಸದರಲ್ಲಿ ಅಂಗಡಿಯವರು ಅದನ್ನೇ ಹೊಗಳಿದ್ದರು. ಅಪ್ಪ ಬದುವಿನ ಪಕ್ಕ ನಾಲ್ಕು ಸಾಲು ಮಾತ್ರ ಕದಿರಿ ಹಾಕಿದ್ದರು. ಉಳಿದದ್ದೆಲ್ಲ ಹಳೆಯ ಬೀಜ. "ಹೊಸದು ಬ್ಯಾಡ ಅಂತ ಯಾರು ಹೇಳ್ತಾರೆ? ಹಳೇದರ ಪಕ್ಕದಲ್ಲಿ ಹಾಕ್ಬೇಕು. ಒಂದೇ ಮಳೆ, ಒಂದೇ ಮಣ್ಣು, ಆಗ ಗೊತ್ತಾಗ್ತದೆ. ನೀವು ಬಿತ್ತನೆ ಬೀಜಾನೇ ಹುರ್ಕೊಂಡು ತಿಂದ್ರಿ" ಅಂದರು.

ಆ ಮಾತು ಹಿಡಿದು ಹೊರಟೆವು. ಲಿನಕ್ಸಿನಲ್ಲಿ ಹಳೆಯದರ ಪಕ್ಕದಲ್ಲಿ ಹೊಸದನ್ನು ಇಟ್ಟುಕೊಳ್ಳಲು ದಾರಿ ಬೇಕಾದಷ್ಟಿದೆ. ನಮಗೆ ಗೊತ್ತಿರಲಿಲ್ಲ ಅಷ್ಟೇ. ಲಿನಕ್ಸ್ ಬಳಸುವ ಅಕ್ಕತಮ್ಮಂದಿರು ನಮ್ಮ ಓದುಗರಲ್ಲೂ ಇದ್ದೀರಿ, ಡಿಟಿಪಿ ಅಂಗಡಿ ಇಟ್ಟವರಿದ್ದೀರಿ, ಕಾಲೇಜು ಮಕ್ಕಳಿದ್ದೀರಿ. ನಿಮಗಾಗಿ ಬರೆಯುತ್ತಿದ್ದೇವೆ.

ಮೊದಲು ಹೆಸರುಗಳ ಅರ್ಥ. ಸ್ಟೇಬಲ್ ಅಂದರೆ ಪರೀಕ್ಷೆ ಮುಗಿಸಿ, ದಿನದ ಕೆಲಸಕ್ಕೆ ಬಳಸಿ ಎಂದು ಬಿಟ್ಟ ಆವೃತ್ತಿ. ಬೀಟಾ ಅಂದರೆ ಹೆಚ್ಚುಕಡಿಮೆ ಮುಗಿದಿದೆ, ತಪ್ಪು ಉಳಿದಿದ್ದರೆ ನೀವು ಹುಡುಕಿಕೊಡಿ ಎಂದು ಬಿಟ್ಟದ್ದು. ಆಲ್ಫಾ ಅದಕ್ಕಿಂತಲೂ ಹಸಿ. ಡೆಬಿಯನ್ ಎಂಬ ಲಿನಕ್ಸಿನಲ್ಲಿ ಇದನ್ನು ಹೆಸರಿನಲ್ಲೇ ಬರೆದಿಟ್ಟಿದ್ದಾರೆ: ಸ್ಟೇಬಲ್, ಟೆಸ್ಟಿಂಗ್, ಅನ್‌ಸ್ಟೇಬಲ್ ಎಂದು ಮೂರು ಭಾಗ. ಉಬುಂಟುವಿನಲ್ಲಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್ ತಿಂಗಳಲ್ಲಿ ಎಲ್‌ಟಿಎಸ್ ಎಂಬ ಆವೃತ್ತಿ ಬರುತ್ತದೆ. ಅದಕ್ಕೆ ಐದು ವರ್ಷ ರಿಪೇರಿ ಸಿಗುತ್ತದೆ. ನಮ್ಮಂಥವರಿಗೆ ತಳಪಾಯ ಅದೇ ಇರಲಿ. ಹೊಸದರ ಆಸೆ ಇದ್ದರೆ ಬೇಕಾದ ಒಂದೋ ಎರಡೋ ಸಾಫ್ಟ್‌ವೇರಿಗೆ ಮಾತ್ರ.

ಪಕ್ಕದಲ್ಲಿ ಇಡುವುದು ಅಂದರೆ ಮೂರನ್ನು ಬೇರೆ ಬೇರೆ ಮಾಡುವುದು. ಒಂದು, ಸಾಫ್ಟ್‌ವೇರೇ ಬೇರೆ ಜಾಗದಲ್ಲಿರಬೇಕು. ಎರಡು, ಅದರ ಸೆಟ್ಟಿಂಗ್ ಬೇರೆ ಇರಬೇಕು. ಮೂರು, ನಿಮ್ಮ ಕೆಲಸದ ಫೈಲು ಬೇರೆ ಇರಬೇಕು. ನಾವು ಮೂರನ್ನೂ ಒಂದೇ ಕಣಜಕ್ಕೆ ಸುರಿದಿದ್ದೆವು.

ಮೊದಲನೆಯದು, ಸಾಫ್ಟ್‌ವೇರಿನ ಜಾಗ. ಪಿಪಿಎ ಸೇರಿಸಿದರೆ ಸಾಮಾನ್ಯವಾಗಿ ಅದೇ ಹೆಸರಿನ ಹೊಸ ಪ್ಯಾಕೇಜು ಹಳೆಯದರ ಮೇಲೆಯೇ ಬಂದು ಕೂರುತ್ತದೆ. ಎರಡೂ ಒಟ್ಟಿಗೆ ಇರುವುದಿಲ್ಲ. ಅದರ ಬದಲು ಆಪ್‌ಇಮೇಜ್ ಸಿಗುತ್ತದೆಯೇ ನೋಡಿ. ಅದು ಒಂದೇ ಒಂದು ಫೈಲು. ಇಳಿಸಿಕೊಂಡು, ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಪ್ರೋಗ್ರಾಮಿನಂತೆ ನಡೆಸಲು ಅನುಮತಿ ಕೊಟ್ಟು, ಡಬಲ್ ಕ್ಲಿಕ್ ಮಾಡಿದರೆ ಓಡುತ್ತದೆ. ಬೇಡವಾದರೆ ಫೈಲು ಅಳಿಸಿದರಾಯಿತು. ಉಬುಂಟು 22.04ರಲ್ಲಿ ಓಡದಿದ್ದರೆ ಗಾಬರಿಯಾಗಬೇಡಿ, ಲಿಬ್‌ಫ್ಯೂಸ್2 ಎಂಬ ಪುಟ್ಟ ಪ್ಯಾಕೇಜು ಹಾಕಿಕೊಳ್ಳಬೇಕು.

ಕೆಲವರು ಇದನ್ನು ತಾವೇ ಯೋಚಿಸಿ ಮಾಡಿಟ್ಟಿದ್ದಾರೆ. ಲಿಬ್ರೆಆಫೀಸಿನ ಪರೀಕ್ಷಾ ಆವೃತ್ತಿ ಲಿಬ್ರೆಆಫೀಸ್‌ಡೆವ್ ಎಂಬ ಬೇರೆ ಹೆಸರಿನಲ್ಲಿ, ಬೇರೆ ಜಾಗದಲ್ಲಿ ಕೂರುತ್ತದೆ. ಅದರ ಸೆಟ್ಟಿಂಗೂ ಬೇರೆ. ದಿನದ ಲಿಬ್ರೆಆಫೀಸನ್ನು ಅದು ಮುಟ್ಟುವುದಿಲ್ಲ. ಫೈರ್‌ಫಾಕ್ಸ್ ಕೂಡ ಹಾಗೆಯೇ. 2019ರಲ್ಲಿ ಬಂದ 67ನೇ ಆವೃತ್ತಿಯಿಂದ, ಬೇರೆ ಬೇರೆ ಜಾಗದಲ್ಲಿ ಹಾಕಿದ ಒಂದೊಂದು ಫೈರ್‌ಫಾಕ್ಸಿಗೂ ಒಂದೊಂದು ಪ್ರೊಫೈಲು. ಹೊಸದರಲ್ಲಿ ಬಳಸಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಲು ಹೋದರೆ ತಡೆದು, ಬೇರೆ ಪ್ರೊಫೈಲು ಮಾಡಿಕೊಳ್ಳಿ ಎಂದು ಹೇಳುತ್ತದೆ.

ಎರಡನೆಯದು, ಸೆಟ್ಟಿಂಗ್. ನಾವು ಮತ್ತೊಮ್ಮೆ ಎಡವಿದ್ದು ಇಲ್ಲಿ. ಆಪ್‌ಇಮೇಜ್ ಬೇರೆ ಫೈಲು ಅಂತ ಧೈರ್ಯವಾಗಿದ್ದೆವು. ಆದರೆ ಅದು ಓಡುವಾಗ ಸೆಟ್ಟಿಂಗ್ ಹುಡುಕುವುದು ನಿಮ್ಮ ಹೋಮ್ ಫೋಲ್ಡರಿನ ಅದೇ ಹಳೆಯ ಜಾಗದಲ್ಲಿ. ಹೊಸದು ಅಲ್ಲಿ ಏನಾದರೂ ಬದಲಾಯಿಸಿದರೆ ಹಳೆಯದಕ್ಕೂ ಪೆಟ್ಟು. ಮನೆ ಬೇರೆ ಮಾಡಿ ಒಲೆ ಒಂದೇ ಇಟ್ಟ ಹಾಗೆ. ಇದಕ್ಕೊಂದು ಸುಲಭ ಉಪಾಯವಿದೆ. ಆಪ್‌ಇಮೇಜ್ ಫೈಲಿನ ಪಕ್ಕದಲ್ಲೇ, ಅದರದೇ ಪೂರ್ತಿ ಹೆಸರಿನ ಮುಂದೆ ಚುಕ್ಕಿ ಇಟ್ಟು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ 'ಹೋಮ್' ಎಂದು ಸೇರಿಸಿ ಒಂದು ಫೋಲ್ಡರ್ ಮಾಡಿ. ಆಮೇಲೆ ಅದು ತನ್ನ ಸಾಮಾನನ್ನೆಲ್ಲ ಆ ಫೋಲ್ಡರಿನಲ್ಲೇ ಇಟ್ಟುಕೊಳ್ಳುತ್ತದೆ.

ಇನ್ನೊಂದು ದಾರಿ ಫ್ಲಾಟ್‌ಪ್ಯಾಕ್. ಉಬುಂಟುವಿನ ಸ್ಟೇಬಲ್ ಹಾಗೇ ಇರುತ್ತದೆ, ಫ್ಲಾಟ್‌ಪ್ಯಾಕಿನಲ್ಲಿ ಹಾಕಿದ್ದು ತನ್ನ ಸೆಟ್ಟಿಂಗನ್ನು ಬೇರೆ ಕಡೆ ಇಡುತ್ತದೆ. ಬೀಟಾಗಳಿಗೆಂದೇ ಫ್ಲಾಟ್‌ಹಬ್ ಬೀಟಾ ಎಂಬ ಮೂಲವಿದೆ. ಒಂದು ಎಚ್ಚರಿಕೆ: ಸ್ಟೇಬಲ್ಲೂ ಬೀಟಾವೂ ಎರಡೂ ಫ್ಲಾಟ್‌ಪ್ಯಾಕಿನವೇ ಆಗಿ, ಎರಡರ ಗುರುತಿನ ಹೆಸರೂ ಒಂದೇ ಆಗಿದ್ದರೆ, ಸೆಟ್ಟಿಂಗಿನ ಜಾಗವೂ ಒಂದೇ ಆಗಿಬಿಡುತ್ತದೆ. ಒಂದು ಉಬುಂಟುವಿನದು, ಇನ್ನೊಂದು ಫ್ಲಾಟ್‌ಪ್ಯಾಕಿನದು ಎಂದು ಇಟ್ಟುಕೊಂಡರೆ ಈ ತೊಂದರೆ ಇಲ್ಲ.

ಇದೆಲ್ಲ ತಲೆನೋವು ಅನ್ನಿಸಿದರೆ, ಅಮ್ಮನಿಗೂ ಹೇಳಿಕೊಡಬಹುದಾದ ದಾರಿ ಒಂದಿದೆ. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಯೂಸರ್ ಖಾತೆ ಮಾಡಿ. ನಾವು ಅದಕ್ಕೆ 'ಬದು' ಅಂತ ಹೆಸರಿಟ್ಟಿದ್ದೇವೆ. ಆಪ್‌ಇಮೇಜ್ ಬೀಟಾ ಓಡಿಸುವುದು ಆ ಖಾತೆಗೆ ಲಾಗಿನ್ ಆಗಿ ಮಾತ್ರ. ಅಲ್ಲಿ ಏನೇ ಕೆಟ್ಟರೂ ನಮ್ಮ ಕೆಲಸದ ಖಾತೆಯ ಸೆಟ್ಟಿಂಗಿಗೆ ಗೊತ್ತೇ ಆಗುವುದಿಲ್ಲ. ಆದರೆ ಪಿಪಿಎಯಿಂದ ಹಾಕಿದರೆ ಇದು ನಡೆಯುವುದಿಲ್ಲ. ಅದು ಇಡೀ ಲ್ಯಾಪ್‌ಟಾಪಿಗೆ ಬಂದು ಕೂರುತ್ತದೆ, ಖಾತೆ ಯಾವುದಾದರೂ ಒಂದೇ.

ವರ್ಚುವಲ್‌ಬಾಕ್ಸಿನಂಥದ್ದರಲ್ಲಿ ಲ್ಯಾಪ್‌ಟಾಪಿನೊಳಗೆ ಇನ್ನೊಂದು ಲ್ಯಾಪ್‌ಟಾಪ್ ಇದ್ದ ಹಾಗೆ ಮಾಡಿಕೊಂಡು ಪರೀಕ್ಷೆ ಮಾಡುವುದು ಎಲ್ಲಕ್ಕಿಂತ ಭದ್ರ. ಆದರೆ 4 ಜಿಬಿ ರ‍್ಯಾಮಿನಲ್ಲಿ ಎರಡು ಸಂಸಾರ ನಡೆಸುವುದು ಕಷ್ಟ. ನಾವು ಕೈಬಿಟ್ಟೆವು.

ಮೂರನೆಯದು, ಫೈಲು. ಮುಖ್ಯವಾದದ್ದು ಇದೇ. ಸಾಫ್ಟ್‌ವೇರು ಕೆಟ್ಟರೆ ಮತ್ತೆ ಹಾಕಬಹುದು. ಹೊಸದರಲ್ಲಿ ಸೇವ್ ಮಾಡಿದ ಫೈಲು ಹಳೆಯದರಲ್ಲಿ ತೆರೆಯದೇ ಹೋಗಬಹುದು, ಮುಂದೆ ಹೋದ ಗಾಡಿಗೆ ರಿವರ್ಸ್ ಗೇರ್ ಇರುವುದಿಲ್ಲ. ಸ್ಟೇಬಲ್ ಆವೃತ್ತಿಗಳಲ್ಲೂ ಇದು ನಡೆಯುತ್ತದೆ. ಧ್ವನಿ ಕತ್ತರಿಸಲು ಬಹಳ ಜನ ಬಳಸುವ ಆಡಾಸಿಟಿ 2021ರಲ್ಲಿ 3.0ಕ್ಕೆ ಬಂದಾಗ ಪ್ರಾಜೆಕ್ಟ್ ಉಳಿಸುವ ರೀತಿಯನ್ನೇ ಬದಲಾಯಿಸಿತು. ಅದರಲ್ಲಿ ಸೇವ್ ಮಾಡಿದ್ದು ಅದಕ್ಕಿಂತ ಹಳೆಯ ಆಡಾಸಿಟಿಯಲ್ಲಿ ತೆರೆಯುವುದಿಲ್ಲ. ಬದಲಾವಣೆಗೆ ಅವರಿಗೆ ಒಳ್ಳೆಯ ಕಾರಣವಿತ್ತು. ಮೊದಲು ಒಂದು ಪ್ರಾಜೆಕ್ಟ್ ಅಂದರೆ ಒಂದು ಫೈಲು, ಜೊತೆಗೆ ನೂರಾರು ಚೂರುಗಳ ಒಂದು ಫೋಲ್ಡರು. ಫೈಲು ಕಾಪಿ ಮಾಡಿ ಫೋಲ್ಡರು ಮರೆತು ಎಷ್ಟೋ ಜನ ಕಳೆದುಕೊಳ್ಳುತ್ತಿದ್ದರು. ಈಗ ಎಲ್ಲ ಒಂದೇ ಫೈಲಿನಲ್ಲಿ. ಹೊಸದು ಒಳ್ಳೆಯದೇ, ಆದರೆ ಹಿಂದಕ್ಕೆ ದಾರಿಯಿಲ್ಲ.

ಆದ್ದರಿಂದ ನಮ್ಮ ಕಟ್ಟುನಿಟ್ಟು ಹೀಗಿದೆ. ಬೀಟಾದಲ್ಲಿ ತೆರೆಯುವುದು ಕಾಪಿ ಮಾತ್ರ. ಕಾಪಿಯ ಹೆಸರಿನಲ್ಲೇ 'ಪರೀಕ್ಷೆ' ಎಂದು ಬರೆಯುತ್ತೇವೆ. ನಾಳೆ ಕಳಿಸಬೇಕಾದ ಕೆಲಸವನ್ನು ಬೀಟಾದಲ್ಲಿ ಮಾಡುವುದಿಲ್ಲ, ಎಷ್ಟೇ ಬೇಗ ಆಗಲಿ. ಚುನಾವಣೆ ಎಣಿಕೆ, ಜಾತ್ರೆ, ಪರೀಕ್ಷೆ ಫಲಿತಾಂಶದ ವಾರದಲ್ಲಿ ಹೊಸದೇನನ್ನೂ ಹಾಕುವುದಿಲ್ಲ. ಮೂಲ ವಿಡಿಯೋ ಮತ್ತು ಧ್ವನಿಯ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಲ್ಯಾಪ್‌ಟಾಪಿನಿಂದ ಬಿಚ್ಚಿ, ಮನೆಯ ಬೀರುವಿನಲ್ಲಿ.

ಟೈಮ್‌ಶಿಫ್ಟ್ ಎಂಬ ಸಾಫ್ಟ್‌ವೇರ್ ಇದೆ, ಸಿಸ್ಟಮ್ಮಿನ ಚಿತ್ರ ತೆಗೆದಿಟ್ಟು ಕೆಟ್ಟಾಗ ಹಿಂದಿನ ಸ್ಥಿತಿಗೆ ತರುತ್ತದೆ. ಬಳಸಿ, ಒಳ್ಳೆಯದು. ಆದರೆ ಅದು ಸಾಮಾನ್ಯವಾಗಿ ನಿಮ್ಮ ಹೋಮ್ ಫೋಲ್ಡರನ್ನು ಬಿಟ್ಟು ಉಳಿದದ್ದನ್ನಷ್ಟೇ ಉಳಿಸುತ್ತದೆ. ಮಗಳ ಮದುವೆಯ ಫೋಟೋ ಅದರಲ್ಲಿದೆ ಅಂದುಕೊಂಡು ಅಳಿಸಿಬಿಟ್ಟೀರಿ!

ಇಷ್ಟು ಕಷ್ಟಪಟ್ಟು ಬೀಟಾ ಯಾಕೆ ಬೇಕು, ಬಿಟ್ಟುಬಿಡಬಹುದಲ್ಲ ಎಂದು ನೀವು ಕೇಳಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು, ಒಂದು ಪದ ಕಣ್ಣಿಗೆ ಬೀಳುವ ತನಕ.

ರಾಜಕೀಯ ಸುದ್ದಿಯಲ್ಲಿ ದಿನಕ್ಕೆ ಹತ್ತು ಸಲ ಬರುವ ಪದ 'ರ‍್ಯಾಲಿ'. ಇದರಲ್ಲಿ ರ ಅಕ್ಷರ ಪೂರ್ತಿ ಕಾಣಬೇಕು, ಯ ಒತ್ತು ಕೆಳಗೆ ಬರಬೇಕು. ಇಲ್ಲದಿದ್ದರೆ ಅದು 'ಸೂರ್ಯ'ದಲ್ಲಿ ಇರುವ ಹಾಗೆ ಅರ್ಕಾವತ್ತಾಗಿ 'ರ್ಯಾಲಿ' ಎಂದು ಮೂಡುತ್ತದೆ. ಸರಿಯಾಗಿ ಮೂಡಿಸಲು ರ ಮತ್ತು ಒತ್ತಿನ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡಬೇಕು. ಒಂದು ಬೀಟಾವನ್ನು 'ಬದು' ಖಾತೆಯಲ್ಲಿ ಪರೀಕ್ಷಿಸುವಾಗ, ವಿಡಿಯೋ ಮೇಲೆ ಹಾಕುವ ಅಕ್ಷರದಲ್ಲಿ ಆ ಸಂಕೇತವನ್ನು ಅದು ನುಂಗಿಹಾಕುತ್ತಿತ್ತು. ಸ್ಟೇಬಲ್‌ನಲ್ಲಿ ಅದೇ ಪದ ಸರಿಯಾಗಿತ್ತು. ಪಕ್ಕಪಕ್ಕ ಇದ್ದದ್ದರಿಂದಲೇ ಗೊತ್ತಾಯಿತು. ಒಂದೇ ಮಣ್ಣು, ಒಂದೇ ಮಳೆ!

ನಮಗೆ ಬಂದ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆವು. ಯಾವ ಆವೃತ್ತಿ, ಯಾವ ಲಿನಕ್ಸ್, ಏನು ಒತ್ತಿದೆವು, ಏನು ಬರಬೇಕಿತ್ತು, ಏನು ಬಂತು. ಜೊತೆಗೆ ಎರಡೂ ಪರದೆಯ ಚಿತ್ರ. ಮರುದಿನವೇ ಯಾರೋ ಒಬ್ಬರು, ಕನ್ನಡದ ಒಂದಕ್ಷರ ಗೊತ್ತಿಲ್ಲದವರು, ಮಾದರಿ ಪಠ್ಯ ಕೇಳಿದರು. ಸ್ಟೇಬಲ್ ಬರುವಷ್ಟರಲ್ಲಿ ಸರಿಯಾಗಿತ್ತು. ಅದನ್ನು ತಯಾರಿಸುವವರಿಗೆ ಕನ್ನಡ ಓದಲು ಬರುವುದಿಲ್ಲ. ಬೀಟಾ ಹಂತದಲ್ಲಿ ನಾವು ನೋಡಿ ಹೇಳದಿದ್ದರೆ ಆ ತಪ್ಪು ಸ್ಟೇಬಲ್ ಆಗಿ ನಮ್ಮ ಮನೆಗೇ ಬರುತ್ತದೆ. ಎಲ್ಲರೂ ಹಳೆಯ ಬೀಜವನ್ನೇ ಬಿತ್ತಿದರೆ ಹೊಸದರ ಗುಣ ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಹಾಗೆ.

ಇದನ್ನು ಫೋನಿನಲ್ಲಿ ಓದುತ್ತಿರುವವರಿಗೆ ಒಂದು ಮಾತು. ಪ್ಲೇ ಸ್ಟೋರಿನಲ್ಲಿ ಕೆಲವು ಆ್ಯಪ್‌ಗಳ ಕೆಳಗೆ "ಬೀಟಾ ಸೇರಿ" ಎಂದಿರುತ್ತದೆ. ಅಲ್ಲಿ ಸೇರಿದರೆ ಹೊಸದು ಹಳೆಯದರ ಮೇಲೆಯೇ ಬರುತ್ತದೆ, ಪಕ್ಕದಲ್ಲಿ ಅಲ್ಲ. ದುಡ್ಡು ಕಳಿಸುವ ಆ್ಯಪ್, ವಾಟ್ಸಾಪ್, ಇಂಥವುಗಳ ಬೀಟಾಕ್ಕೆ ನಿಮ್ಮ ಒಂದೇ ಫೋನನ್ನು ಕೊಡಬೇಡಿ. ಕ್ರೋಮ್ ಬೀಟಾ, ಫೈರ್‌ಫಾಕ್ಸ್ ಬೀಟಾ ಮಾತ್ರ ಬೇರೆ ಆ್ಯಪ್ ಆಗಿಯೇ ಸಿಗುತ್ತವೆ. ಪರೀಕ್ಷೆ ಮಾಡುವ ಆಸೆ ಇದ್ದರೆ ಅಲ್ಲಿಂದ ಶುರುಮಾಡಿ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಇತಿಹಾಸದಲ್ಲಿ ಮೂರನೇ ಸಲ. ನಾವು ಬೀರು ತೆಗೆದು ಪೆನ್‌ಡ್ರೈವ್ ಹುಡುಕಿದೆವು. ಅಜ್ಜಿ ಅಷ್ಟೊತ್ತಿಗೆ ಇರಲಿಲ್ಲ, ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಜಗುಲಿಯ ಮೇಲಿನ ಅವರ ಮಾತು ಮಾತ್ರ ಪೂರ್ತಿಯಾಗಿ ನಮ್ಮ ಬಳಿ ಇತ್ತು.

ಅವತ್ತು ಲ್ಯಾಪ್‌ಟಾಪಿನಲ್ಲಿ ಎರಡೂ ಇದ್ದವು. ಬೀಟಾ ನಿಜವಾಗಿಯೂ ಬೇಗ ಕೆಲಸ ಮಾಡುತ್ತಿತ್ತು, ಅರ್ಧ ಹೊತ್ತಿನಲ್ಲಿ ಮುಗಿಯುತ್ತಿತ್ತು. ಗೆಳೆಯ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಏನೂ ಮಾತಾಡದೆ ಹಳೆಯದನ್ನೇ ತೆರೆದೆವು. ಅದು ತನ್ನ ಆಮೆ ನಡಿಗೆಯಲ್ಲೇ ಸಾಗಿ, 71 ದಾಟಿ, ನೂರು ಮುಟ್ಟಿತು. ಒಂಬತ್ತಕ್ಕೆ ಮುಂಚೆ ಕಳಿಸಿದೆವು. ಅವತ್ತೇ ಬಂತು.

ಮರುದಿನ ಅಜ್ಜಿಯ ಮೊಮ್ಮಗ ಬಸ್‌ಸ್ಟ್ಯಾಂಡಿಗೆ ಬಂದ. ಟೀವೀಲಿ ಬಂದಿದ್ದು ಎರಡು ನಿಮಿಷ, ಪೂರ್ತಿ ಮಾತು ಇದ್ದರೆ ಕೊಡಿ ಅಂದ. ಅವನ ಫೋನಿಗೆ ಹಾಕಿಕೊಟ್ಟೆವು. ಅಲ್ಲೇ ನಿಂತು ಒಂದು ಸಲ ನೋಡಿದ. ಅಪ್ಪನ ತಲೆಗೂದಲು ಕಿತ್ತದ್ದು ಹೇಳಿ ಅಜ್ಜಿ ನಗುವಲ್ಲಿಗೆ ಬಂದಾಗ ನಿಲ್ಲಿಸಿ, "ಇದನ್ನ ಇನ್ನೊಂದು ಕಡೇನೂ ಇಟ್ಟಿರಿ ಅಣ್ಣಾ, ನನ್ನ ಫೋನು ನಂಬಂಗಿಲ್ಲ" ಅಂದ.

ಇಟ್ಟಿದ್ದೇವೆ, ಎರಡು ಕಡೆ.